ಜೀಪಿನ ಅಡಿಯಿಂದ ಬರುತ್ತಿದ್ದ ಮೂರು ಸದ್ದು

ಮೊದಲು ಹೇಳಿದ್ದು ಅಮ್ಮ. ಕೊಪ್ಪದಲ್ಲಿ ಔಷಧಿ ಅಂಗಡಿ ಎದುರು ಗಾಡಿ ನಿಲ್ಲಿಸಿದ್ದೆ. ತಮ್ಮ ಒಳಗೆ ಹೋಗಿದ್ದ, ಇಂಜಿನ್ ಚಾಲೂ ಇತ್ತು. "ಇದೆಂತದೇ ಇದು, ಕಾಲಡಿ ಜೇನು ಎದ್ದ ಹಾಗೆ ಆಗ್ತಿದೆಯಲ್ಲ" ಅಂದಳು. ನನಗೂ ಎರಡು ವಾರದಿಂದ ಕೇಳುತ್ತಿತ್ತು. ಹಳೆಯ ಡೀಸೆಲ್ ಗಾಡಿ, ಸದ್ದು ಇದ್ದದ್ದೇ ಅಂತ ಓಡಿಸುತ್ತಿದ್ದೆ. ಆದರೆ ಪಕ್ಕದಲ್ಲಿ ಕೂತವರು ಒಮ್ಮೆ ಹೇಳಿಬಿಟ್ಟರೆ ಆಮೇಲೆ ಅದೊಂದೇ ಕೇಳಿಸುತ್ತದೆ. ಅವತ್ತು ಮನೆ ಸೇರುವಷ್ಟರಲ್ಲಿ ನನಗೆ ಒಂದಲ್ಲ, ಮೂರು ಸದ್ದು ಕೇಳಿಸಿದ್ದವು.

ನಮ್ಮ ಕಡೆ ಇಂಥ ಗಾಡಿಗೆಲ್ಲ ಜೀಪು ಅಂತಲೇ ಹೆಸರು. ನಮ್ಮದು 2011ರದ್ದು. ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್. ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಬೇರೆ, ಅದರ ಮೇಲೆ ಕೂರಿಸಿದ ಬಾಡಿ ಬೇರೆ. ಹಿಂದೆ ಬ್ಲೇಡ್ ಸೆಟ್ಟು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಇಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವುದು ಉದ್ದದ ಪ್ರೊಪೆಲ್ಲರ್ ಶಾಫ್ಟ್ ಮೂಲಕ. ಅಡಿಕೆ, ಗೊಬ್ಬರದ ಚೀಲ, ಹಾಲಿನ ಕ್ಯಾನು, ಆಳುಗಳು, ಆಸ್ಪತ್ರೆಗೆ ಹೋಗುವ ಅಕ್ಕಪಕ್ಕದವರು, ಎಲ್ಲರನ್ನೂ ಹೊತ್ತಿದೆ. ತೋಟದ ದಾರಿಯಲ್ಲಿ ಅರ್ಧ ಜೀವನ ಕಳೆದ ಗಾಡಿ. ವರ್ಷದಲ್ಲಿ ನಾಲ್ಕು ತಿಂಗಳು ಕೆಸರು, ಉಳಿದ ತಿಂಗಳು ಕೆಂಪು ಧೂಳು. ಅಡಿಭಾಗ ಹೇಗಿರಬಹುದು ಅಂತ ನೀವೇ ಊಹಿಸಿ.

ಮೊದಲು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅವರು ಸೈಲೆನ್ಸರ್ ತೂಗುವ ರಬ್ಬರ್‌ಗಳನ್ನು ಬದಲಿಸಿದರು. ಒಂದು ವಾರ ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತೆ ಅದೇ ಜೇನು. ಇನ್ನೊಂದು ಕಡೆ ಕೊಟ್ಟೆ. ಅವರು ಮುಂದಿನ ಎರಡೂ ಇಂಜಿನ್ ಮೌಂಟಿಂಗ್ (ಇಂಜಿನ್ ಕೂರುವ ರಬ್ಬರ್ ದಿಂಬು) ಹಾಕಿ, ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ಹೊಸದು ಮಾಡಿ, ಎಂಟು ಸಾವಿರ ಚಿಲ್ಲರೆ ಬಿಲ್ ಕೊಟ್ಟರು. ಸದ್ದು ಹಾಗೇ ಇತ್ತು. ಸೈಲೆನ್ಸರ್ ಮೇಲಿನ ತಗಡನ್ನು ಕತ್ತರಿಸಿ ಬಿಸಾಡೋಣ, ಅದೇ ಬಡಿಯೋದು ಅಂದರು. ನಾನು ಬೇಡ ಅಂದೆ. ಬೇಸರ ಆಗಿದ್ದು ದುಡ್ಡಿಗಿಂತ ಜಾಸ್ತಿ ಇನ್ನೊಂದು ವಿಷಯಕ್ಕೆ. ಎರಡು ಕಡೆಯೂ ಯಾರೊಬ್ಬರೂ ಗಾಡಿಯಲ್ಲಿ ಕೂತು ನನ್ನ ಜೊತೆ ಒಂದು ಸುತ್ತು ಬರಲಿಲ್ಲ. ಸದ್ದು ಯಾವಾಗ ಬರುತ್ತದೆ ಅಂತ ಕೇಳಲಿಲ್ಲ. ಸದ್ದು ಹುಡುಕುವ ಕೆಲಸ ಶುರುವಾಗುವುದೇ ಆ ಪ್ರಶ್ನೆಯಿಂದ ಅಂತ ನನಗೆ ಆಮೇಲೆ ಗೊತ್ತಾಯಿತು.

ಗೊತ್ತು ಮಾಡಿಸಿದ್ದು ನಮ್ಮ ಚಿಕ್ಕಪ್ಪ. ಅವರು ಇಪ್ಪತ್ತೈದು ವರ್ಷ ಲಾರಿ ಓಡಿಸಿದವರು, ಈಗ ಮನೆಯಲ್ಲೇ ಇದ್ದಾರೆ. ನಾನು ಹೋಗಿ ಎಲ್ಲ ಹೇಳಿದೆ. ಅವರು ಗಾಡಿ ನೋಡಲು ಏಳಲೇ ಇಲ್ಲ. "ಅದು ಹ್ಯಾಗೆ ಸದ್ದು ಮಾಡ್ತದೆ, ಬಾಯಲ್ಲಿ ಮಾಡಿ ತೋರ್ಸು ಮಾರಾಯ್ತಿ" ಅಂದರು. ಮಾಡಿ ತೋರಿಸಿದೆ. ನಿಂತಾಗ ಝೇಂ ಅನ್ನುತ್ತದೆ. ಹೊಂಡಕ್ಕೆ ಇಳಿದರೆ ಲೊಡಕ್ ಅನ್ನುತ್ತದೆ. ಎಪ್ಪತ್ತರ ಸ್ಪೀಡಿನಲ್ಲಿ ಸೀಟಿನ ಕೆಳಗೆ ಗುಂ ಅಂತ ಬರುತ್ತದೆ. "ಹಾಂಗಾದ್ರೆ ಅದು ಮೂರು ಬೇರೆ ಬೇರೆ ಕಾಯಿಲೆ. ಒಂದೇ ಅಂತ ಹುಡುಕಿದ್ರೆ ಯಾವುದೂ ಸಿಕ್ಕೂದಿಲ್ಲ" ಅಂದರು.

ಇದನ್ನು ನಾನು ತುಂಬ ನಂಬುತ್ತೇನೆ ಈಗ. ಕನ್ನಡದಲ್ಲಿ ಸದ್ದಿಗೆ ಎಷ್ಟು ಪದ ಇವೆ ನೋಡಿ. ಟಿಣಿಟಿಣಿ ಅಂದರೆ ತೆಳು ತಗಡು, ಸಣ್ಣ ಬೋಲ್ಟು, ಸರಪಳಿ. ಲೊಡಲೊಡ ಅಂದರೆ ಒಂದು ತೂತಿನೊಳಗೆ ಏನೋ ಸಡಿಲವಾಗಿ ಓಡಾಡುತ್ತಿದೆ, ಅಂದರೆ ಬುಷ್ (ತೂತಿಗೂ ಪಿನ್ನಿಗೂ ನಡುವೆ ಕೂರುವ ಕೊಳವೆ) ಸವೆದಿದೆ. ಧಡ್ ಅಂದರೆ ಭಾರದ ಕಬ್ಬಿಣ ಇನ್ನೊಂದು ಕಬ್ಬಿಣಕ್ಕೆ ಹೊಡೆದಿದೆ. ಕಿರಕಿರ ಅಂದರೆ ಒಣ ರಬ್ಬರ್ ಅಥವಾ ಬ್ಲೇಡುಗಳ ನಡುವಿನ ಉಜ್ಜಾಟ. ಟಣಕ್ ಅಂದರೆ ಶಾಫ್ಟಿನ ಕ್ರಾಸ್, ಅಂದರೆ ಶಾಫ್ಟಿನ ತುದಿಯ ಕೂಡಿಕೆಯಲ್ಲಿರುವ ಅಡ್ಡ ತುಂಡು. ಮೆಕ್ಯಾನಿಕ್ ಹತ್ತಿರ ಹೋಗಿ "ಸೌಂಡ್ ಬರ್ತಿದೆ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಬಾಯಲ್ಲಿ ಮಾಡಿ ತೋರಿಸಿದರೆ ಅರ್ಧ ಹುಡುಕಿದಂತೆ. ನಾಚಿಕೆ ಬೇಡ, ಮಾಡಿ ತೋರಿಸಿ.

ಚಿಕ್ಕಪ್ಪ ಹೇಳಿದ ಮೊದಲ ಕೆಲಸ, ಗಾಡಿಯಲ್ಲಿ ಸುಮ್ನೆ ಅಲುಗುವುದೆಲ್ಲ ತೆಗೆದುಬಿಡು ಅಂತ. ಹಿಂದಿನ ಸೀಟಿನಡಿ ಇದ್ದ ಜಾಕಿ, ಅದರ ಹಿಡಿಕೆ, ಪಾನಾಗಳ ಚೀಲ, ಎರಡು ಕತ್ತಿ, ಹಗ್ಗದ ಕೊಂಡಿ, ಎಲ್ಲ ಕೆಳಗಿಟ್ಟೆ. ಹಿಂದೆ ಚಾಸಿಯ ಅಡಿಗೆ ತೂಗುವ ಸ್ಟೆಪ್ನಿಯನ್ನೂ ಇಳಿಸಿದೆ. ಅದರ ಸರಪಳಿ ಸಡಿಲವಾಗಿತ್ತು, ಟೈರು ಒಂದು ಕಡೆ ಬ್ರಾಕೆಟ್ಟಿಗೆ ಕೂತೇ ಇರಲಿಲ್ಲ. ಹೊಂಡದಲ್ಲಿ ಬರುತ್ತಿದ್ದ ಸದ್ದಿನಲ್ಲಿ ಒಂದು ಪಾಲು ಅಲ್ಲೇ ಹೋಯಿತು. (ಸ್ಟೆಪ್ನಿ ಅನ್ನುವ ಹೆಸರು ಬಂದಿದ್ದು ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಆಗಿನ ಕಾರುಗಳಿಗೆ ಸ್ಟೆಪ್ನಿಯೇ ಇರುತ್ತಿರಲಿಲ್ಲ. ಒಂದು ಬೀದಿಯ ಹೆಸರು ನಮ್ಮ ಮಲೆನಾಡಿನ ಮನೆ ಮಾತಾಗಿ ಉಳಿದಿರುವುದು ನನಗೆ ತುಂಬ ಇಷ್ಟ.)

ಎರಡನೆಯ ಕೆಲಸ, ಒಂದು ನೋಟ್‌ಬುಕ್. ಒಂದು ವಾರ ಗಾಡಿಗೆ ಪಾನಾ ಹಾಕಬೇಡ, ಸದ್ದು ಬಂದಾಗ ಏನಾಗುತ್ತಿತ್ತು ಅಂತ ಬರಿ ಅಂದರು. ಗಾಡಿ ನಿಂತಿತ್ತಾ, ಓಡುತ್ತಿತ್ತಾ? ಇಂಜಿನ್ ತಣ್ಣಗಿತ್ತಾ, ಬಿಸಿಯಾಗಿತ್ತಾ? ಎಷ್ಟನೇ ಗೇರು? ಏರಾ, ಇಳಿಜಾರಾ? ಖಾಲಿಯಾ, ಲೋಡಾ? ಬ್ರೇಕ್ ಮುಟ್ಟಿದರೆ ಏನಾಗುತ್ತದೆ, ಕ್ಲಚ್ ಒತ್ತಿದರೆ ಏನಾಗುತ್ತದೆ? ಓಡಿಸುತ್ತಾ ಬರೆಯಲು ಆಗುವುದಿಲ್ಲ ಅಲ್ವಾ, ತಮ್ಮನನ್ನು ಕೂರಿಸಿಕೊಂಡು ಅವನ ಕೈಲಿ ಬರೆಸಿದೆ.

ಇದರ ಹಿಂದಿನ ಲೆಕ್ಕ ಸರಳ. ಗಾಡಿಯ ಅಡಿಯಲ್ಲಿ ಎರಡು ಥರದ ವಸ್ತು ತಿರುಗುತ್ತವೆ. ಇಂಜಿನ್ ಜೊತೆ ತಿರುಗುವಂಥದ್ದು, ಚಕ್ರದ ಜೊತೆ ತಿರುಗುವಂಥದ್ದು. ಮೂರನೆಯದು ತಿರುಗುವುದೇ ಇಲ್ಲ, ರಸ್ತೆ ಎತ್ತಿ ಹಾಕಿದಾಗ ಮಾತ್ರ ಅಲುಗುತ್ತದೆ. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಮೆಲ್ಲಗೆ ರೇಸ್ ಕೊಟ್ಟಾಗ ಸದ್ದು ಬಂದರೆ ಅದು ಇಂಜಿನ್ ಕಡೆಯದು: ಸೈಲೆನ್ಸರ್, ಮೌಂಟಿಂಗ್, ತಗಡು, ಪೈಪುಗಳು. ಎಪ್ಪತ್ತರಲ್ಲಿ ಐದನೇ ಗೇರಿನಲ್ಲಿ ಬರುವ ಸದ್ದು, ಅದೇ ಎಪ್ಪತ್ತರಲ್ಲಿ ನಾಲ್ಕನೇ ಗೇರಿಗೆ ಇಳಿಸಿದರೂ ಹಾಗೇ ಇದ್ದರೆ, ಇಂಜಿನ್ ಕಾರಣವಲ್ಲ. ಯಾಕೆಂದರೆ ಇಂಜಿನ್ ಸ್ಪೀಡು ಬದಲಾಯಿತು, ಸದ್ದು ಬದಲಾಗಲಿಲ್ಲ. ಖಾಲಿ ಇರುವ ನೆಟ್ಟಗಿನ ರಸ್ತೆಯಲ್ಲಿ ಒಂದೆರಡು ಸೆಕೆಂಡ್ ಕ್ಲಚ್ ಒತ್ತಿಯೂ ನೋಡಬಹುದು. ಆದರೆ ಯಾವ ಕಾರಣಕ್ಕೂ ಓಡುವಾಗ ಇಂಜಿನ್ ಆಫ್ ಮಾಡಬೇಡಿ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಇಂಜಿನ್ನಿನಿಂದಲೇ ನಡೆಯುವುದು, ಪವರ್ ಸ್ಟೇರಿಂಗೂ ಅಷ್ಟೇ.

ಕ್ಲಚ್ ಇನ್ನೊಂದು ವಿಷಯವನ್ನೂ ಹೇಳುತ್ತದೆ. ನಿಂತ ಗಾಡಿಯಲ್ಲಿ ಕ್ಲಚ್ ಒತ್ತಿದ ಕೂಡಲೇ ಸದ್ದು ಹೋದರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಕಡೆ ನೋಡಬೇಕು, ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ ಬೇರಿಂಗ್ ಕಡೆ. ನಮ್ಮದರಲ್ಲಿ ಎರಡೂ ಆಗಲಿಲ್ಲ, ಹಾಗಾಗಿ ಗೇರ್‌ಬಾಕ್ಸ್ ಬಿಚ್ಚುವ ಖರ್ಚು ತಪ್ಪಿತು.

ಡೀಸೆಲ್ ಗಾಡಿಯಲ್ಲಿ ಅಡಿಭಾಗ ಯಾಕೆ ಜಾಸ್ತಿ ಬಡಿದಾಡುತ್ತದೆ ಅಂತಲೂ ಹೇಳಬೇಕು. ಪೆಟ್ರೋಲ್ ಇಂಜಿನ್ ಗಾಳಿಯನ್ನು ಸುಮಾರು ಹತ್ತನೇ ಒಂದು ಪಾಲಿಗೆ ಒತ್ತಿದರೆ ಡೀಸೆಲ್ ಇಂಜಿನ್ ಹದಿನಾರು, ಹದಿನೆಂಟನೇ ಒಂದು ಪಾಲಿಗೆ ಒತ್ತುತ್ತದೆ. ಆ ಒತ್ತಡದಲ್ಲೇ ಗಾಳಿ ಕಾದು ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಪ್ರತಿ ಏಟೂ ಗಟ್ಟಿ. ಸ್ಲೋ ರನ್ನಿಂಗ್‌ನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕು ಸಿಲಿಂಡರ್ ಇದ್ದರೆ ಒಂದು ಸುತ್ತಿಗೆ ಎರಡು ಏಟು. ಸೆಕೆಂಡಿಗೆ ಸುಮಾರು 27 ಏಟು. ಇದು ಹಗಲಿಡೀ ಚಾಸಿಗೆ ಬಡಿಯದ ಹಾಗೆ ತಡೆಯುವುದು ಮೌಂಟಿಂಗಿನ ಮುಷ್ಟಿ ಗಾತ್ರದ ರಬ್ಬರ್‌ಗಳು. ಆ ರಬ್ಬರ್ ಸತ್ತರೆ ಏಟು ನೇರ ಬಾಡಿಗೆ ಬರುತ್ತದೆ.

ಮತ್ತೆ, ಪ್ರತಿ ತಗಡಿಗೂ ಪೈಪಿಗೂ ಅದರದ್ದೇ ಒಂದು ಶ್ರುತಿ ಇದೆ. ಯಕ್ಷಗಾನದ ಆಟದಲ್ಲಿ ಚೆಂಡೆ ಬಿದ್ದಾಗ ಪಕ್ಕದ ಮನೆಯ ಕಪಾಟಿನಲ್ಲಿ ಒಂದೇ ಒಂದು ಲೋಟ ಮಿಡಿಯುವುದನ್ನು ನೋಡಿದ್ದೀರಾ? ಉಳಿದ ಲೋಟ ಸುಮ್ಮನಿರುತ್ತವೆ. ಇದೂ ಹಾಗೇ. ಹಾಗಾಗಿ 1,100 ಸುತ್ತಿಗೆ ಬರುವ ಟಿರ್ರ್ ಸದ್ದು 1,300ಕ್ಕೆ ಮಾಯವಾಗುತ್ತದೆ. ಮಾಯವಾಯಿತು ಅಂದರೆ ರಿಪೇರಿ ಆಯಿತು ಅಂತಲ್ಲ, ಶ್ರುತಿ ತಪ್ಪಿತು ಅಂತ ಅಷ್ಟೇ. ವರ್ಕ್‌ಶಾಪಿನಲ್ಲಿ ಜೋರಾಗಿ ರೇಸ್ ಕೊಟ್ಟು "ಎಲ್ಲಿದೆ ಸದ್ದು, ಏನಿಲ್ಲ" ಅನ್ನುತ್ತಾರಲ್ಲ, ಕಾರಣ ಇದೇ. ರೇಸ್ ಮೆಲ್ಲಗೆ ಏರಿಸಬೇಕು, ಇರುವೆ ಹತ್ತುವ ಹಾಗೆ. ಸದ್ದು ಬಂದ ಜಾಗದಲ್ಲಿ ಕಾಲು ನಿಲ್ಲಿಸಬೇಕು.

ಇನ್ನು ಕೆಳಗೆ ನುಗ್ಗುವ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಒಂದು ನಿಮಿಷಕ್ಕೂ ಬೇಡ. ನಮ್ಮ ಅಂಗಳದಂಥ ಮಣ್ಣಿನ ನೆಲ ಮಳೆ ಬಂದ ಮೇಲೆ ಹೊರಗೆ ಗಟ್ಟಿ ಕಂಡರೂ ಒಳಗೆ ಮೆತ್ತಗಿರುತ್ತದೆ, ಜಾಕಿ ಒಂದು ಕಡೆ ವಾಲಿದರೆ ಮುಗಿಯಿತು. ಜಾಕಿಯ ಅಡಿಗೆ ಅಗಲದ ಹಲಗೆ, ಚಾಸಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡು, ಚಕ್ರಗಳಿಗೆ ಅಡ್ಡ ಮರದ ತುಂಡು, ಇಳಿಸಿದ ಸ್ಟೆಪ್ನಿಯನ್ನು ಚಾಸಿಯ ಕೆಳಗೆ ಮಲಗಿಸಿ ಇಡುವುದು, ಇಷ್ಟೂ ಆದ ಮೇಲೆ ಗೋಣಿಚೀಲ ಹಾಸಬೇಕು. ಇಂಜಿನ್ ಚಾಲೂ ಇಟ್ಟು ಕೆಳಗಿರುವಾಗ ತಿರುಗುವ ಶಾಫ್ಟಿನ ಹತ್ತಿರ ಜಡೆ, ವೇಲು, ಸಡಿಲ ತೋಳು ಯಾವುದೂ ಬರಬಾರದು. ನಾನು ಜಡೆ ಸುತ್ತಿ ಟೊಪ್ಪಿ ಹಾಕಿಕೊಳ್ಳುತ್ತೇನೆ. ಇನ್ನೊಂದು ಮಾತು, ಇಂಜೆಕ್ಟರಿಗೆ ಹೋಗುವ ಸಣ್ಣ ಉಕ್ಕಿನ ಪೈಪು ಒಸರುತ್ತಿದೆಯಾ ಅಂತ ಕೈಯಿಂದ ಮುಟ್ಟಿ ನೋಡಬೇಡಿ. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಆ ಪೈಪಿನ ಒತ್ತಡ 1,000 ಬಾರ್‌ಗಿಂತ ಜಾಸ್ತಿ ಹೋಗುತ್ತದೆ. ಕೂದಲೆಳೆಯಷ್ಟು ಸಂದಿಯಿಂದ ಬಂದ ಡೀಸೆಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ, ಅದೂ ದೂರದಿಂದ.

ನಿಜ ಹೇಳಬೇಕೆಂದರೆ ಸ್ಟ್ಯಾಂಡಿಗಿಂತ ಒಳ್ಳೆಯದು ರ‍್ಯಾಂಪು. ನಾವು ಪೇಟೆಯ ವಾಟರ್ ಸರ್ವೀಸಿನವರನ್ನು ಕೇಳಿ, ಕೆಲಸ ಕಡಿಮೆ ಇರುವ ಮಧ್ಯಾಹ್ನ ಎರಡು ಗಂಟೆ ಅವರ ರ‍್ಯಾಂಪನ್ನು ಬಾಡಿಗೆಗೆ ತೆಗೆದುಕೊಂಡೆವು. ಕಾರಣ ಇದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟರೆ ಚಕ್ರ ಕೆಳಗೆ ಜೋತುಬೀಳುತ್ತದೆ. ಬ್ಲೇಡ್ ಸೆಟ್ಟು ಬೇರೆ ಆಕಾರಕ್ಕೆ ಬರುತ್ತದೆ, ಶಾಫ್ಟಿನ ಕೋನ ಬದಲಾಗುತ್ತದೆ, ಸವೆದ ಬುಷ್ ಒಂದೇ ಕಡೆ ಎಳೆದುಕೊಂಡು ಗಟ್ಟಿ ಇದ್ದ ಹಾಗೆ ಕಾಣುತ್ತದೆ. ರಸ್ತೆಯಲ್ಲಿ ಇದ್ದ ಸದ್ದು ಅಲ್ಲಿ ಸಿಗುವುದೇ ಇಲ್ಲ. ರ‍್ಯಾಂಪಿನ ಮೇಲೆ ಗಾಡಿ ತನ್ನ ಕಾಲಿನ ಮೇಲೆ ತಾನು ನಿಂತಿರುತ್ತದೆ.

ತಮ್ಮ ಒಳಗೆ ಕೂತ, ನಾನು ಕೆಳಗೆ, ಚಿಕ್ಕಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮೊದಲು ಇಂಜಿನ್ ಆಫ್ ಇಟ್ಟು, ಸೈಲೆನ್ಸರ್ ತಣ್ಣಗಿರುವಾಗ, ಮುಂದಿನಿಂದ ಹಿಂದಿನವರೆಗೆ ಎಲ್ಲವನ್ನೂ ಕೈಯಿಂದ ಅಲುಗಿಸಿ ನೋಡಿದೆ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಸೈಲೆನ್ಸರ್ ಡಬ್ಬ ಗಟ್ಟಿಯಾಗಿತ್ತು. ಡಬ್ಬದೊಳಗೆ ಕಲ್ಲು ಹಾಕಿ ಅಲುಗಿಸಿದ ಹಾಗೆ ಕೇಳಿದರೆ ಒಳಗಿನ ತಡೆ ಮುರಿದಿದೆ ಅಂತ ಅರ್ಥ, ಅಥವಾ ಹೊಗೆ ಶುದ್ಧ ಮಾಡುವ ಕನ್ವರ್ಟರಿನ ಒಳಗಿನ ಪಿಂಗಾಣಿ ಇಟ್ಟಿಗೆ ಒಡೆದಿದೆ ಅಂತ. ಹ್ಯಾಂಡ್ ಬ್ರೇಕಿನ ಕೇಬಲ್ ಒಂದು ಕಡೆ ಕ್ಲಿಪ್ಪು ಬಿಟ್ಟುಕೊಂಡು ಚಾಸಿಗೆ ತಾಗುತ್ತಿತ್ತು, ಕಟ್ಟಿದೆವು.

ಆಮೇಲೆ ಚಿಕ್ಕಪ್ಪ ಒಂದು ಮಾತು ಹೇಳಿದರು. "ಸದ್ದು ಹುಡುಕಬೇಡ. ಹೊಳಪು ಹುಡುಕು." ಇಡೀ ಅಡಿಭಾಗ ಕೆಸರು, ತುಕ್ಕು, ಎಣ್ಣೆ ಹಿಡಿದು ಕಪ್ಪಾಗಿರುತ್ತದೆ. ಎಲ್ಲಿ ಎರಡು ಲೋಹ ಉಜ್ಜುತ್ತವೋ ಅಲ್ಲಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಬ್ಯಾಟರಿ ಬೆಳಕು ಓರೆಯಾಗಿ ಬಿಟ್ಟು ನೋಡುತ್ತಾ ಹೋದೆ. ಗೇರ್‌ಬಾಕ್ಸಿನ ಹಿಂದೆ, ಅದನ್ನು ಹೊತ್ತಿರುವ ಅಡ್ಡ ತೊಲೆಯ ಮೇಲೆ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಕನ್ನಡಿ ಥರ ಹೊಳೆಯುತ್ತಿತ್ತು. ಅದರ ಎದುರಿಗೆ ಸೈಲೆನ್ಸರ್ ಪೈಪಿನ ಮೇಲೂ ಅಷ್ಟೇ ಜಾಗ. ನಡುವೆ ಕಾಗದ ತೂರುವಷ್ಟೂ ಸಂದಿಯಿಲ್ಲ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸ್ಕ್ರೂಡ್ರೈವರಿನಿಂದ ಅಲ್ಲಿ ತೂರಿಸಿ ತಮ್ಮನಿಗೆ ಸ್ಟಾರ್ಟ್ ಮಾಡು ಅಂದೆ. ಝೇಂ ಇಲ್ಲ. ಟ್ಯೂಬ್ ತೆಗೆದರೆ ಝೇಂ. ಮೂರು ಸಲ ಹಾಕಿ ತೆಗೆದು ನೋಡಿದೆ. ನನಗೆ ಆ ಕ್ಷಣ ಆದ ಸಂತೋಷ ಹೇಳಲು ಬರುವುದಿಲ್ಲ.

ಚಿಕ್ಕಪ್ಪನಿಗೆ ಮಾತ್ರ ಸಮಾಧಾನ ಆಗಲಿಲ್ಲ. "ಪೈಪ್ ಅಲ್ಲಿಗೆ ಯಾಕೆ ಬಂತು? ಅದು ಹುಟ್ಟುವಾಗ ಅಲ್ಲಿ ಇರ್ಲಿಲ್ಲ ಅಲ್ದಾ?" ಅಂದರು. ಸರಿ ಅಲ್ವಾ. ಪೈಪು ಬಾಗಿರಲಿಲ್ಲ. ಗೇರ್‌ಬಾಕ್ಸಿನ ಮೌಂಟಿಂಗ್ ನೋಡಿದರೆ ಅದರ ರಬ್ಬರ್ ಅಪ್ಪಚ್ಚಿಯಾಗಿ, ಒಂದು ಬದಿ ಲೋಹದಿಂದ ಬಿಟ್ಟುಕೊಂಡಿತ್ತು. ಗೇರ್‌ಬಾಕ್ಸು ಹಿಂದೆ ಒಂದು ಬೆರಳು ಕೆಳಗೆ ಕೂತಿತ್ತು. ಅದಕ್ಕೆ ಬ್ರಾಕೆಟ್ಟಿನಿಂದ ಕಟ್ಟಿದ ಪೈಪೂ ಇಳಿದು ತೊಲೆಗೆ ತಾಗಿತ್ತು. ಮುಂದಿನ ಎರಡು ಮೌಂಟಿಂಗ್ ಹೊಸದು ಹಾಕಿದ್ದರು, ಹಿಂದಿನ ಈ ಮೂರನೆಯದನ್ನು ಯಾರೂ ನೋಡಿಯೇ ಇರಲಿಲ್ಲ. ಸಾವಿರ ರೂಪಾಯಿಯೂ ಆಗದ ಸಾಮಾನು ಅದು. ಗೇರ್‌ಬಾಕ್ಸಿಗೆ ಹಲಗೆ ಇಟ್ಟು ಜಾಕಿ ಕೊಟ್ಟು ಎತ್ತಿ, ಹಳೆಯದು ತೆಗೆದು ಹೊಸದು ಹಾಕಲು ಮುಕ್ಕಾಲು ಗಂಟೆ. ಪೈಪು ತಾನಾಗಿ ಮೇಲೆ ಹೋಯಿತು, ಈಗ ತೊಲೆಗೂ ಅದಕ್ಕೂ ನಡುವೆ ಒಂದು ಬೆರಳು ಸಂದಿ.

ಝೇಂ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳಿಸಿತು. 1,100ರ ಹತ್ತಿರ ಬರುವ ತೆಳು ಟಿರ್ರ್. ಇದು ಸೈಲೆನ್ಸರ್ ಪೈಪಿನ ಮೇಲಿನ ಬಿಸಿ ತಡೆಯುವ ತಗಡು, ವರ್ಕ್‌ಶಾಪಿನವರು ಕತ್ತರಿಸೋಣ ಅಂದಿದ್ದರಲ್ಲ, ಅದು. ಸಡಿಲ ಆಗಿದ್ದು ನಿಜ, ಅವರು ಹೇಳಿದ್ದು ಸುಳ್ಳಲ್ಲ. ಬೋಲ್ಟಿನ ತೂತು ತುಕ್ಕು ಹಿಡಿದು ದೊಡ್ಡದಾಗಿ, ಬೋಲ್ಟಿನ ತಲೆಯೇ ಅದರೊಳಗೆ ಹೋಗುತ್ತಿತ್ತು. ಆದರೆ ಆ ತಗಡನ್ನು ದಯವಿಟ್ಟು ಬಿಸಾಡಬೇಡಿ. ಪೈಪು ನೂರಾರು ಡಿಗ್ರಿ ಬಿಸಿಯಾಗುತ್ತದೆ. ಆ ಬಿಸಿ ಮೇಲಿನ ನೆಲಕ್ಕೆ, ಬ್ರೇಕ್ ಪೈಪಿಗೆ, ಡೀಸೆಲ್ ಪೈಪಿಗೆ ಹೋಗದ ಹಾಗೆ ತಡೆಯುವುದು ಅದು. ತಮ್ಮನ ಹೊಸ ಗಾಡಿಯಂಥ ಬಿಎಸ್6 (ಹೊಗೆಯ ಹೊಸ ನಿಯಮದ) ಡೀಸೆಲ್‌ಗಳಲ್ಲಂತೂ, ಅಂದರೆ 2020ರ ಏಪ್ರಿಲ್‌ನಿಂದ ಬಂದವುಗಳಲ್ಲಿ, ಮಸಿ ಸುಡುವ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನು ಶುದ್ಧ ಮಾಡಿಕೊಳ್ಳುವಾಗ ಒಳಗೆ 600 ಡಿಗ್ರಿ ಹತ್ತಿರ ಹೋಗುತ್ತದೆ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವ ನಮ್ಮಂಥವರು ಇದನ್ನು ನೆನಪಿಡಬೇಕು. ನಾವು ಮಾಡಿದ್ದು ಇಷ್ಟೇ. ಅಗಲದ ವಾಷರ್ ಕೊಟ್ಟು ಬೋಲ್ಟ್ ಬಿಗಿದೆವು, ಬೋಲ್ಟೇ ಇಲ್ಲದ ತುದಿಗೆ ದೊಡ್ಡ ಸ್ಟೀಲ್ ಹೋಸ್ ಕ್ಲಿಪ್ಪನ್ನು ಪೈಪು, ತಗಡು ಎರಡಕ್ಕೂ ಸೇರಿಸಿ ಸುತ್ತಿದೆವು. ನೂರು ರೂಪಾಯಿ ಒಳಗೆ ಆಯಿತು.

ಹೊಂಡದ ಲೊಡಕ್ ಸ್ವಲ್ಪ ಆಟ ಆಡಿಸಿತು. ನನಗೆ ಅದು ನನ್ನ ಸೀಟಿನ ಕೆಳಗೇ ಕೇಳುತ್ತಿತ್ತು. ಅಮ್ಮನಿಗೆ ಹಿಂದೆ. ಕಬ್ಬಿಣದ ಚಾಸಿ ಸದ್ದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹೊತ್ತುಕೊಂಡು ಬರುತ್ತದೆ, ಕಿವಿಯನ್ನು ನಂಬಬಾರದು. ಊರಿನ ಶಾಲೆಯ ಕಾಂಪೌಂಡ್ ಗೋಡೆ ಪಕ್ಕ ಕಿಟಕಿ ಇಳಿಸಿಕೊಂಡು ಮೆಲ್ಲಗೆ ಓಡಿಸಿದೆ, ಭಾನುವಾರ. ಗೋಡೆಗೆ ಬಡಿದು ಬರುವ ಸದ್ದು ಸ್ಪಷ್ಟ ಕೇಳುತ್ತದೆ. ಎಡ ಚಕ್ರ ಮಾತ್ರ ಕಲ್ಲು ಹತ್ತಿಸಿದೆ, ಆಮೇಲೆ ಬಲ ಚಕ್ರ ಮಾತ್ರ. ಎಡ ಹಿಂದಿನದು ಅಂತ ಗೊತ್ತಾಯಿತು. ಬ್ರೇಕ್ ಮೇಲೆ ಕಾಲು ಇಟ್ಟು ಓಡಿಸಿದಾಗ ಸದ್ದು ಹೋಗಲಿಲ್ಲ. ಹೋಗಿದ್ದರೆ ಬ್ರೇಕ್ ಪ್ಯಾಡ್ ಅಥವಾ ಅದರ ಪಿನ್ನು ಅನ್ನಬಹುದಿತ್ತು.

ರ‍್ಯಾಂಪಿನ ಮೇಲೆ ತಮ್ಮ ಹಿಂದಿನ ಬಂಪರ್ ಹತ್ತಿ ಕುಣಿದ, ನಾನು ಬೆಳಕು ಹಿಡಿದು ನೋಡಿದೆ. ಬೆರಳನ್ನು ಸಂದಿಯೊಳಗೆ ಹಾಕಬಾರದು, ಪಕ್ಕದಲ್ಲಿ ಚಾಸಿಗೆ ಒತ್ತಿ ಹಿಡಿದರೆ ಸಾಕು, ಏಟು ಕೈಗೆ ಗೊತ್ತಾಗುತ್ತದೆ. ಬ್ಲೇಡ್ ಸೆಟ್ಟಿನ ಹಿಂದಿನ ತುದಿ ಶೇಕಲ್ ಅನ್ನುವ ಎರಡು ಪಟ್ಟಿಗಳಿಂದ ಚಾಸಿಗೆ ತೂಗುತ್ತದೆ. ಅಲ್ಲಿನ ರಬ್ಬರ್ ಬುಷ್ ಒಂದು ಕಡೆ ಪೂರ್ತಿ ಸವೆದು, ಪಿನ್ನು ಕಬ್ಬಿಣಕ್ಕೇ ಹೊಡೆಯುತ್ತಿತ್ತು. ಟೈರ್ ಬಿಚ್ಚುವ ಲಿವರ್ ಹಾಕಿ ಮೀಟಿದರೆ ಅರ್ಧ ಇಂಚು ಓಡಾಡುತ್ತಿತ್ತು. ಹೊಸ ಶಾಕ್ ಅಬ್ಸಾರ್ಬರ್ ಎರಡೂ ಪಾಪ ಚೆನ್ನಾಗಿಯೇ ಇದ್ದವು, ಹಳೆಯವು ಕೂಡ ಬಹುಶಃ ಚೆನ್ನಾಗಿದ್ದವು.

ಬುಷ್ ಹಾಕುವಾಗ ಒಂದು ಸೂಕ್ಷ್ಮ ಇದೆ, ಇದನ್ನು ತುಂಬ ಕಡೆ ಮಾಡುವುದಿಲ್ಲ. ಗಾಡಿ ಎತ್ತಿಟ್ಟಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ರಬ್ಬರ್ ಬುಷ್ ಜಾರುವುದಿಲ್ಲ, ಹೊರಳುತ್ತದೆ. ಚಕ್ರ ಜೋತುಬಿದ್ದಾಗ ಬಿಗಿದರೆ, ಗಾಡಿ ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಹಾಗೇ ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್ ಕೈಬಿಗಿ ಮಾಡಿ, ಗಾಡಿ ಇಳಿಸಿ, ಎರಡು ಸಲ ಮೇಲೆ ಕೆಳಗೆ ಕುಣಿಸಿ, ಆಮೇಲೆ ಪೂರ್ತಿ ಬಿಗಿಯಿರಿ. ಮತ್ತೆ, ರಬ್ಬರಿಗೆ ಗ್ರೀಸ್ ಬೇಡ. ಸೋಪಿನ ನೀರು ಹಚ್ಚಿ ತೂರಿಸಿ. ಕಿರಕಿರ ಅನ್ನುವ ಬುಷ್ ಯಾವುದು ಅಂತ ಹುಡುಕಲಿಕ್ಕೂ ನೀರೇ ಸಾಕು, ಒಂದೊಂದಕ್ಕೇ ನೀರು ಬಿಟ್ಟು ಅಲುಗಿಸಿದರೆ ಯಾವುದು ಸುಮ್ಮನಾಯಿತೋ ಅದೇ.

ಇದೇ ಜಾಗದಲ್ಲಿ ನನ್ನ ಒಂದು ಬೇಡಿಕೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸುಟ್ಟ ಇಂಜಿನ್ ಆಯಿಲ್ ತಂದು ಇಡೀ ಅಡಿಭಾಗಕ್ಕೆ ಹೊಡೆಸುತ್ತಾರೆ, ತುಕ್ಕು ಬರಬಾರದು ಅಂತ. ಚಾಸಿಗೆ ಅದರಿಂದ ಏನಾದರೂ ಉಪಯೋಗ ಆದೀತು, ಆದರೆ ಬುಷ್, ಮೌಂಟಿಂಗ್‌ಗಳ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಬಿಚ್ಚಿದ ನಮ್ಮ ಮೌಂಟಿಂಗ್ ರಬ್ಬರನ್ನು ಉಗುರಿನಿಂದ ಕೆರೆದರೆ ಮಸಿ ಥರ ಬರುತ್ತಿತ್ತು. ಆ ಎಣ್ಣೆ ಮೊದಲ ಮಳೆಗೆ ತೊಳೆದು ಹೋಗುವುದು ನಮ್ಮದೇ ಹಳ್ಳಕ್ಕೆ, ತೋಟಕ್ಕೆ. ಒಂದು ಲೀಟರ್ ಸುಟ್ಟ ಎಣ್ಣೆಯಾದರೂ ತುಂಗೆಗೆ ಸೇರುವುದನ್ನು ನೆನೆದರೆ ಸಂಕಟ ಆಗುತ್ತದೆ. ತುಕ್ಕು ತಡೆಯಲಿಕ್ಕೇ ಅಂತ ಮಾಡಿದ ಮೇಣದಂಥ ಲೇಪ ಸಿಗುತ್ತದೆ. ರಬ್ಬರಿಗೆ, ಬ್ರೇಕಿಗೆ, ಸೈಲೆನ್ಸರಿಗೆ ತಾಗದ ಹಾಗೆ ಅದನ್ನು ಹಚ್ಚಿಸಿ.

ಕೊನೆಯದು ಎಪ್ಪತ್ತರ ಗುಂ. ಇದಕ್ಕೆ ನಾನು ಕಾಗದದ ಮೇಲೆ ಲೆಕ್ಕ ಮಾಡಿದೆ. ನಮ್ಮ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಎಪ್ಪತ್ತರಲ್ಲಿ ಸೆಕೆಂಡಿಗೆ 19 ಮೀಟರ್ ಚಿಲ್ಲರೆ, ಅಂದರೆ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು. ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರುಗಳ ಡಬ್ಬ) ಒಳಗಿನ ಹಲ್ಲುಗಳ ಲೆಕ್ಕದಲ್ಲಿ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು ಸುಮಾರು ನಾಲ್ಕು ಸುತ್ತು ತಿರುಗಬೇಕು. ಅಂದರೆ ಶಾಫ್ಟು ಸೆಕೆಂಡಿಗೆ 35 ಸುತ್ತು. ಚಕ್ರದ ತೊಂದರೆಯಾದರೆ ಸೆಕೆಂಡಿಗೆ ಒಂಬತ್ತು ಸಲ, ಅದು ಕೈಗೆ ನಡುಕದ ಹಾಗೆ ಗೊತ್ತಾಗುತ್ತದೆ, ಸ್ಟೇರಿಂಗ್ ಅಥವಾ ಸೀಟು ಕುಲುಕುತ್ತದೆ. ಮೂವತ್ತೈದು ಸಲ ಅಂದರೆ ಅದು ನಡುಕವಲ್ಲ, ಗುಂಯ್ ಅನ್ನುವ ಸ್ವರ. ನಮ್ಮದು ಸ್ವರ. ಮೊಬೈಲಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿ ನೆಲದ ಮೇಲೆ ಇಟ್ಟು, ಶಿವಮೊಗ್ಗದ ದಾರಿಯಲ್ಲಿ ನೆಟ್ಟಗಿರುವ ಕಡೆ ಎಪ್ಪತ್ತರಲ್ಲಿ ಓಡಿಸಿದೆ. ತಮ್ಮ ಗೀಟು ನೋಡಿ "ಅಕ್ಕಾ, ಮೂವತ್ತೈದರ ಹತ್ರವೇ ಎದ್ದಿದೆ" ಅಂದ. ಟೈರ್ ಬ್ಯಾಲೆನ್ಸಿಂಗ್ ಮಾಡಿಸುವ ಅಗತ್ಯವೇ ಬರಲಿಲ್ಲ.

ಚಕ್ರಗಳಿಗೆ ಅಡ್ಡ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದೆ. ಮುಂದಿನ ಕ್ರಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ, ಅಂದರೆ ಸಡಿಲ, ಇತ್ತು, ಬೇರಿಂಗ್ ಟೋಪಿಯ ಸುತ್ತ ಕೆಂಪು ಪುಡಿ ಬಿದ್ದಿತ್ತು. ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕಾದಾಗ ಹಾಗೆ ಬರುತ್ತದೆ. ರಿವರ್ಸಿನಿಂದ ಒಂದನೇ ಗೇರಿಗೆ ಹಾಕುವಾಗ ಟಣಕ್ ಅನ್ನುತ್ತಿದ್ದುದೂ ಅದೇ. ಗೇರ್‌ಬಾಕ್ಸು ಹಿಂದೆ ಕೂತು ಕೋನ ಕೆಟ್ಟಿದ್ದರಿಂದ ಆ ಕ್ರಾಸಿಗೆ ಜಾಸ್ತಿ ಕೆಲಸ ಬಿದ್ದಿತ್ತು ಅನ್ನುವುದು ಚಿಕ್ಕಪ್ಪನ ಅಭಿಪ್ರಾಯ, ನನಗೂ ಹಾಗೇ ಅನ್ನಿಸುತ್ತದೆ. ಶಾಫ್ಟ್ ಬಿಚ್ಚುವ ಮುಂಚೆ ಎರಡು ಕಡೆಯೂ ಬಿಳಿ ಪೇಂಟಿನಿಂದ ಗೀಟು ಹಾಕಿದೆವು. ನಡುವೆ ಜಾರುವ ಜಾಯಿಂಟು ಒಂದು ಹಲ್ಲು ತಪ್ಪಿ ಕೂತರೂ ಹೊಸ ಕ್ರಾಸ್ ಹಾಕಿದ ಮೇಲೂ ಗುಂ ಹೋಗುವುದಿಲ್ಲ. ಕ್ರಾಸ್ ಕೂರಿಸುವ ಕೆಲಸ ನಾವು ಮಾಡಲಿಲ್ಲ, ಲಾರಿ ಶಾಫ್ಟಿನ ಕೆಲಸ ಮಾಡುವವರ ಹತ್ತಿರ ಪ್ರೆಸ್‌ನಲ್ಲಿ ಹಾಕಿಸಿದೆ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಒಳಗೆ ಒಂದು ಸೂಜಿ ಅಡ್ಡ ಬಿದ್ದರೂ ಕೆಲಸ ಹಾಳು.

ಇದೆಲ್ಲ ಆಗಿ ಈಗ ಐನೂರು ಕಿಲೋಮೀಟರ್ ಆಗಿದೆ. ಶೇಕಲ್ ಜೊತೆ ಬ್ಲೇಡನ್ನು ಆ್ಯಕ್ಸಲಿಗೆ ಬಿಗಿಯುವ ಯು ಬೋಲ್ಟುಗಳನ್ನೂ ಬಿಚ್ಚಿ ಹಾಕಿದ್ದೆವು, ಅವನ್ನು ಇಷ್ಟು ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಹೋದ ವಾರ ಪಾನಾ ಹಾಕಿದರೆ ನಾಲ್ಕರಲ್ಲಿ ಎರಡು ಕಾಲು ಸುತ್ತು ತೆಗೆದುಕೊಂಡವು. ಕ್ರಾಸಿಗೆ ಗ್ರೀಸ್ ಕೊಟ್ಟೆ, ನಾಲ್ಕೂ ಟೋಪಿಯಿಂದ ಹಳೆಯದು ಹೊರಗೆ ಬರುವವರೆಗೆ. ಮೊನ್ನೆ ಅಮ್ಮನನ್ನು ಮತ್ತೆ ಕೊಪ್ಪಕ್ಕೆ ಕರೆದುಕೊಂಡು ಹೋಗಿದ್ದೆ. ಅದೇ ಔಷಧಿ ಅಂಗಡಿ ಎದುರು, ಇಂಜಿನ್ ಚಾಲೂ ಇಟ್ಟು ಕಾದೆವು. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಎಡಗಡೆ ಬಾಗಿಲಲ್ಲಿ ಎಂತದೋ ಟಿಕ್ ಟಿಕ್ ಅಂತದೆ ಕಣೇ" ಅಂದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಭಾನುವಾರ ಬಾಗಿಲ ಒಳಗಿನ ರಟ್ಟು ಬಿಚ್ಚಬೇಕು.